ನಾಳ ಬಿಗಿಯುವ ಮೊದಲೇ ಎಳೆದುಕೊಂಡ ಔಷಧ ಅದನ್ನು ತಡೆಯುತ್ತದೆಂದು ಪ್ರಾಣಿಗಳಲ್ಲಿ ಹೇಗೆ ಕಂಡುಕೊಂಡರು?

ಪ್ರಶ್ನೆ – ಪ್ರೌಢಶಾಲಾ ಶಿಕ್ಷಕಿ

ನಾನು ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಓಡಿದರೆ ಉಬ್ಬಸ ಬರುತ್ತದೆ. ಆಟದ ಪೀರಿಯಡ್ಡಿಗೆ ಕಾಲು ಗಂಟೆ ಮೊದಲು ಅವನು ಸಾಲ್ಬ್ಯುಟಮಾಲ್ ಇನ್ಹೇಲರನ್ನು ಎರಡು ಸಲ ಎಳೆದುಕೊಂಡು, ಆಮೇಲೆ ಮೈದಾನಕ್ಕೆ ಇಳಿಯುತ್ತಾನೆ. ಕಳೆದ ವಾರ ಉಸಿರಾಟದ ಪಾಠ ಮುಗಿದಾಗ ಅವನೇ ಎದ್ದು ನಿಂತು, "ಮೇಡಂ, ನಾಳ ಇನ್ನೂ ಬಿಗಿದೇ ಇಲ್ಲವಲ್ಲ, ಅಲ್ಲಿಯವರೆಗೆ ಈ ಔಷಧ ಒಳಗೆ ಏನು ಮಾಡುತ್ತಾ ಇರುತ್ತದೆ?" ಎಂದು ಕೇಳಿದ. ಬಿಗಿದ ನಾಳವನ್ನು ಔಷಧ ಸಡಿಲಿಸುತ್ತದೆ ಎಂದು ಹೇಳುವುದು ನನಗೆ ಸುಲಭ. ಆದರೆ ಬಿಗಿಯದೇ ಇರುವ ನಾಳದಲ್ಲಿ ಅದರ ಕೆಲಸವೇನು ಎಂಬುದಕ್ಕೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ.

ಓದಲು ಹೊರಟಾಗ ಎಲ್ಲ ಕಡೆಯೂ ಒಂದೇ ಬಗೆಯ ವಾಕ್ಯ ಎದುರಾಯಿತು: ಔಷಧದ ಮಂಜನ್ನು ಮೊದಲು ಉಸಿರಾಡಿದ ಗಿನಿಯಿಲಿಗಳಲ್ಲಿ, ಅಲರ್ಜಿಯ ವೇಳೆ ದೇಹವೇ ಬಿಡುವ ವಸ್ತುವಾದ ಹಿಸ್ಟಮಿನ್‌ನಿಂದ ಉಂಟಾಗುವ ಶ್ವಾಸನಾಳದ ಸಂಕೋಚನ ತಡೆಯಲ್ಪಟ್ಟಿತು ಎಂದು. ಆ ಪ್ರಾಣಿಗೆ ನಿಜವಾಗಿ ಏನು ಮಾಡುತ್ತಾರೆ, ಯಾವುದನ್ನು ಅಳೆಯುತ್ತಾರೆ, ಇಲಿ, ಕುರಿ, ಕುದುರೆಗಳ ಬದಲು ಗಿನಿಯಿಲಿಯೇ ಏಕೆ, ಅದರಿಂದ ಮನುಷ್ಯರ ಬಗ್ಗೆ ಎಷ್ಟನ್ನು ಹೇಳಬಹುದು ಎಂಬುದನ್ನು ತಿಳಿದವರು ಬಿಡಿಸಿ ಬರೆದರೆ ಉಪಕಾರವಾಗುತ್ತದೆ. ಮಕ್ಕಳಿಗೆ ಹೇಳುವಾಗ ಸರಳ ಮಾಡುವ ಹೊಣೆ ನನ್ನದು. ನೀವು ಸರಳ ಮಾಡದೆಯೇ ಹೇಳಿ.

ಉತ್ತರ 1 – ನಿವೃತ್ತ ಔಷಧಶಾಸ್ತ್ರ ಅಧ್ಯಾಪಕ

ನಿಮ್ಮ ವಿದ್ಯಾರ್ಥಿಯ ಪ್ರಶ್ನೆ ಬಹಳ ಒಳ್ಳೆಯದು, ಏಕೆಂದರೆ ಸಡಿಲಿಸುವುದು ಮತ್ತು ತಡೆಯುವುದು ಎರಡು ಬೇರೆ ಗುಣಗಳೆಂದು, ಒಂದು ಔಷಧದಲ್ಲಿ ಒಂದಿದ್ದು ಇನ್ನೊಂದು ಇಲ್ಲದಿರಬಹುದೆಂದು ಈ ಕ್ಷೇತ್ರದವರಿಗೂ ಸ್ಪಷ್ಟವಾಗಲು ದಶಕಗಳೇ ಬೇಕಾದವು.

ಗಿನಿಯಿಲಿಯ ಆಯ್ಕೆಗೆ ಕಾರಣ ಅದರ ಶ್ವಾಸಕೋಶದ ರಚನೆಯಲ್ಲಿದೆ. ಅದರ ಸಣ್ಣ ಗಾಳಿನಾಳಗಳ ಸುತ್ತ ನಯಸ್ನಾಯುವಿನ ಪದರ ದೇಹದ ಗಾತ್ರಕ್ಕೆ ಹೋಲಿಸಿದರೆ ದಪ್ಪವಾಗಿದ್ದು, ಹಿಸ್ಟಮಿನ್ ತಗುಲಿದೊಡನೆ ಬಲವಾಗಿ ಹಿಂಡಿಕೊಳ್ಳುತ್ತದೆ. 1910ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಹಿಸ್ಟಮಿನ್‌ನ ಈ ಪರಿಣಾಮವನ್ನು ವಿವರಿಸಿದರು. ಅದೇ ವರ್ಷ ಅಮೆರಿಕದಲ್ಲಿ ಆಯರ್ ಮತ್ತು ಲೂಯಿಸ್, ಅಲರ್ಜಿಯ ಆಘಾತದಿಂದ ಸತ್ತ ಗಿನಿಯಿಲಿಗಳ ಎದೆಯನ್ನು ತೆರೆದು ನೋಡಿದರು. ಸಾಮಾನ್ಯವಾಗಿ ಎದೆ ತೆರೆದಾಗ ಶ್ವಾಸಕೋಶ ಕುಗ್ಗಿ ಬೀಳಬೇಕು. ಇಲ್ಲಿ ಅದು ಉಬ್ಬಿದ ಹಾಗೆಯೇ ಉಳಿದಿತ್ತು, ಏಕೆಂದರೆ ಒಳಗಿನ ಗಾಳಿ ಹೊರಬರಲು ದಾರಿಯೇ ಇರಲಿಲ್ಲ. ಪ್ರಾಣಿ ಸತ್ತದ್ದು ಹೃದಯ ನಿಂತು ಅಲ್ಲ, ಉಸಿರು ಕಟ್ಟಿ ಎಂಬುದು ಹಾಗೆ ತಿಳಿಯಿತು.

ನಾನು ವಿದ್ಯಾರ್ಥಿಯಾಗಿದ್ದಾಗ ಕಂಡ ಪ್ರಯೋಗವನ್ನು ಹೇಳುತ್ತೇನೆ. ಒಂದು ಗಾಜಿನ ಪೆಟ್ಟಿಗೆಯೊಳಗೆ ಗಿನಿಯಿಲಿಯನ್ನು ಬಿಟ್ಟು, ಹಿಸ್ಟಮಿನ್‌ನ ತೆಳು ದ್ರಾವಣವನ್ನು ನೆಬ್ಯುಲೈಸರಿನಿಂದ ಮಂಜಾಗಿ ಹಾಯಿಸುತ್ತಿದ್ದೆವು. ಮೊದಲು ಅದು ಮೂಗು ಒರೆಸಿಕೊಳ್ಳುತ್ತಾ ಓಡಾಡುತ್ತದೆ. ಸ್ವಲ್ಪ ಹೊತ್ತಿಗೆ ಒಂದೇ ಕಡೆ ನಿಂತು ಕತ್ತನ್ನು ಮುಂದಕ್ಕೆ ಚಾಚುತ್ತದೆ, ಪಕ್ಕೆಗಳು ಒಳಗೆ ಸೆಳೆಯತೊಡಗುತ್ತವೆ, ಹೊಟ್ಟೆ ಏರಿಳಿಯುತ್ತದೆ. ಸೆಳೆತ ಬರುವ ಮುಂಚಿನ ಆ ಏದುಸಿರು ಕಂಡ ಕ್ಷಣದಲ್ಲೇ ಸ್ಟಾಪ್‌ವಾಚ್ ಒತ್ತಿ ಪ್ರಾಣಿಯನ್ನು ಹೊರಗೆ ತೆಗೆಯಲೇಬೇಕು. ತಾಜಾ ಗಾಳಿಯಲ್ಲಿ ಅದು ಚೇತರಿಸಿಕೊಳ್ಳುತ್ತದೆ. ತಡ ಮಾಡಿದರೆ ಸಾಯುತ್ತದೆ. ನಮಗೆ ಕಲಿಸಿದವರು ಪೆಟ್ಟಿಗೆಯ ಮುಂದೆ ಕುಳಿತವರು ಕಣ್ಣು ಆಚೀಚೆ ಹೊರಳಿಸುವುದನ್ನೂ ಸಹಿಸುತ್ತಿರಲಿಲ್ಲ, ಅದು ಸರಿಯೇ ಆಗಿತ್ತು. ಹೀಗೆ ಸಿಕ್ಕ ಸೆಕೆಂಡುಗಳ ಸಂಖ್ಯೆಯೇ ಅಳತೆ. ಕೆಲವು ದಿನಗಳ ಬಳಿಕ ಅದೇ ಪ್ರಾಣಿಗೆ ಮೊದಲು ಔಷಧದ ಮಂಜನ್ನು ಉಸಿರಾಡಿಸಿ, ಗೊತ್ತಾದ ಹೊತ್ತು ಕಳೆದ ಮೇಲೆ ಮತ್ತೆ ಹಿಸ್ಟಮಿನ್ ಹಾಯಿಸಿದಾಗ ಏದುಸಿರು ಎಷ್ಟು ತಡವಾಗಿ ಬಂತು, ಅಥವಾ ಬರಲೇ ಇಲ್ಲವೇ ಎಂಬುದನ್ನು ಮೊದಲಿನ ಅಂಕಿಯೊಡನೆ ತಾಳೆ ನೋಡುತ್ತಾರೆ.

ಈಗ ನಿಮ್ಮ ಹುಡುಗನ ಪ್ರಶ್ನೆ. ಹಿಸ್ಟಮಿನ್ ಸ್ನಾಯುಕೋಶದ ಮೇಲಿನ ಎಚ್1 ರಿಸೆಪ್ಟರಿಗೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನಿಗೆ, ಅಂಟಿಕೊಂಡಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಆ ಕ್ಯಾಲ್ಸಿಯಂ ಮಯೋಸಿನ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಜೋಡಿಸುವ ಕಿಣ್ವವನ್ನು ಎಬ್ಬಿಸುತ್ತದೆ, ಸ್ನಾಯು ಹಿಂಡಿಕೊಳ್ಳುತ್ತದೆ. ಸಾಲ್ಬ್ಯುಟಮಾಲ್ ಹಿಸ್ಟಮಿನ್‌ನ ಜಾಗವನ್ನು ಮುಟ್ಟುವುದೇ ಇಲ್ಲ. ಅದು ಬೀಟಾ-2 ಎಂಬ ಬೇರೆಯೇ ರಿಸೆಪ್ಟರನ್ನು ಹಿಡಿದು ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ಹೆಚ್ಚಿಸುತ್ತದೆ; ಅದರಿಂದ ಕ್ಯಾಲ್ಸಿಯಂ ಏರುವುದು ಕಷ್ಟವಾಗುತ್ತದೆ, ಏರಿದ ಕ್ಯಾಲ್ಸಿಯಂಗೆ ಸ್ನಾಯು ಓಗೊಡುವುದೂ ಕಡಿಮೆಯಾಗುತ್ತದೆ. ಅಂದರೆ ಔಷಧ ಒಳಗೆ ಸುಮ್ಮನೆ ಕಾದು ಕುಳಿತಿರುವುದಿಲ್ಲ. ಇಳಿಜಾರು ಬರುವ ಮೊದಲೇ ಬಂಡಿಯ ಗಾಲಿಗೆ ಬ್ರೇಕಿನ ಕಟ್ಟೆ ಒತ್ತಿ ಹಿಡಿದಂತೆ, ಹಿಸ್ಟಮಿನ್ ಬಂದು ತಲಪುವ ಹೊತ್ತಿಗೆ ಕೋಶದ ಒಳಸ್ಥಿತಿಯೇ ಬದಲಾಗಿರುತ್ತದೆ. ಈ ಕಾರಣಕ್ಕೇ ಅದು ಹಿಸ್ಟಮಿನ್ ಒಂದರಿಂದಲ್ಲ, ಅಸಿಟೈಲ್‌ಕೋಲಿನ್, ಲ್ಯೂಕೋಟ್ರೀನ್ ಮುಂತಾದ ಯಾವುದರಿಂದ ಬಿಗಿಯುವುದಿದ್ದರೂ ರಕ್ಷಿಸುತ್ತದೆ. ಹಿಸ್ಟಮಿನ್ ವಿರೋಧಿ ಔಷಧ ಹಾಗಲ್ಲ. ಅದು ಹಿಸ್ಟಮಿನ್‌ನ ಕುರ್ಚಿಯಲ್ಲಿ ಮಾತ್ರ ಕುಳಿತುಕೊಳ್ಳುತ್ತದೆ, ಇನ್ನೊಂದು ಬಾಗಿಲಿನಿಂದ ಬಂದವರನ್ನು ಅದು ತಡೆಯಲಾರದು.

ತಡೆಯುವ ಗುಣ ಎಷ್ಟು ಹೊತ್ತು ಬಾಳುತ್ತದೆ ಎಂಬುದಕ್ಕೂ ಗಿನಿಯಿಲಿಯೇ ಸಾಕ್ಷಿ ನುಡಿದಿದೆ. ಸಾಲ್ಬ್ಯುಟಮಾಲ್ ವರ್ಗದ್ದೇ ಆದ ಸಾಲ್ಮೆಟೆರಾಲ್ ಬಗ್ಗೆ 1991ರಲ್ಲಿ ಪ್ರಕಟವಾದ ವಿವರವಾದ ಅಧ್ಯಯನದಲ್ಲಿ, ಎಚ್ಚರವಾಗಿದ್ದ ಗಿನಿಯಿಲಿಗಳಿಗೆ ಪರಿಣಾಮ ಬೀರುವಷ್ಟೇ ಸಣ್ಣ ಪ್ರಮಾಣದಲ್ಲಿ ಉಸಿರಿನ ಮೂಲಕ ಕೊಟ್ಟಾಗ, ಸಾಲ್ಬ್ಯುಟಮಾಲ್‌ನ ರಕ್ಷಣೆ ಒಂದೂವರೆ ಗಂಟೆಯೊಳಗೆ ಕರಗಿತು, ಸಾಲ್ಮೆಟೆರಾಲ್‌ನದು ಕನಿಷ್ಠ 6 ಗಂಟೆ ಉಳಿಯಿತು. ಅದೇ ಔಷಧ ಮನುಷ್ಯರಲ್ಲಿ ಸುಮಾರು 12 ಗಂಟೆ ಕೆಲಸ ಮಾಡುತ್ತದೆ. ಗಂಟೆಗಳ ಸಂಖ್ಯೆ ಹೊಂದಲಿಲ್ಲ, ಆದರೆ ಎರಡರಲ್ಲಿ ಯಾವುದು ಹೆಚ್ಚು ಬಾಳುತ್ತದೆ ಎಂಬ ತೀರ್ಪು ಸರಿಯಾಗಿತ್ತು.

ಉತ್ತರ 2 – ಶ್ವಾಸಕೋಶ ಸಂಶೋಧಕಿ

ಮೇಲಿನ ಉತ್ತರ ಮೂಲವನ್ನು ಚೆನ್ನಾಗಿ ಹೇಳಿದೆ. ಅಳತೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಸೇರಿಸಬೇಕು, ಏಕೆಂದರೆ ಏದುಸಿರು ಬರುವವರೆಗಿನ ಸೆಕೆಂಡುಗಳನ್ನು ಎಣಿಸುವುದು ಒರಟು ಅಳತೆ. ಔಷಧದಿಂದ ಪ್ರಾಣಿ ಮಂಕಾಗಿ ನಿಧಾನವಾಗಿ ಉಸಿರಾಡಿದರೂ ಅದರೊಳಗೆ ಹೋಗುವ ಹಿಸ್ಟಮಿನ್ ಕಡಿಮೆಯಾಗಿ, ಇಲ್ಲದ ರಕ್ಷಣೆ ಇದ್ದಂತೆ ತೋರುತ್ತದೆ.

ನಾಳವನ್ನೇ ನೇರವಾಗಿ ಅಳೆಯುವ ಹಳೆಯ ದಾರಿ 1940ರದು, ವಿಯೆನ್ನಾದ ಕಾನ್‌ಝೆಟ್ ಮತ್ತು ರೋಸ್ಲರ್ ಅವರದು. ಅರಿವಳಿಕೆ ಕೊಟ್ಟ ಪ್ರಾಣಿಯ ಶ್ವಾಸನಾಳಕ್ಕೆ ಕೊಳವೆ ಜೋಡಿಸಿ, ಪಂಪಿನಿಂದ ಪ್ರತಿ ಸಲವೂ ಒಂದೇ ಪ್ರಮಾಣದ ಗಾಳಿಯನ್ನು ಒಂದೇ ಒತ್ತಡದಲ್ಲಿ ತಳ್ಳುತ್ತಾರೆ. ನಾಳ ತೆರೆದಿದ್ದರೆ ಗಾಳಿಯೆಲ್ಲ ಒಳಗೆ ಹೋಗುತ್ತದೆ. ಬಿಗಿದಷ್ಟೂ ಶ್ವಾಸಕೋಶ ಒಲ್ಲೆನೆಂದ ಗಾಳಿ ಪಕ್ಕದ ಕೊಳವೆಗೆ ಉಕ್ಕಿ ಹರಿಯುತ್ತದೆ. ಉಕ್ಕಿದ ಗಾಳಿಯೇ ಬಿಗಿತದ ಲೆಕ್ಕ. ಇಂದಿನ ಉಪಕರಣಗಳು ಸಣ್ಣ ಒತ್ತಡದ ಅಲೆಗಳನ್ನು ಕಳಿಸಿ ನಾಳದ ಅಡ್ಡಿಯನ್ನೂ ಶ್ವಾಸಕೋಶದ ಗಡಸುತನವನ್ನೂ ಬೇರೆಬೇರೆಯಾಗಿ ಹೇಳುತ್ತವೆ. ತ್ರಿಜ್ಯ ಅರ್ಧವಾದರೆ, ನಯವಾಗಿ ಹರಿಯುವ ಗಾಳಿಗೆ ಅಡ್ಡಿ 16 ಪಟ್ಟಾಗುತ್ತದೆ. ನಾಳದಲ್ಲಿ ಆಗುವ ಅಲ್ಪ ಬದಲಾವಣೆಯೂ ಅಳತೆಯಲ್ಲಿ ದೊಡ್ಡದಾಗಿ ಕಾಣುವುದು ಅದಕ್ಕೇ. ಪೆಟ್ಟಿಗೆಯಲ್ಲಿ ಸ್ವತಂತ್ರವಾಗಿ ಓಡಾಡುವ ಇಲಿಯ ಉಸಿರಿನ ಲಯದಿಂದ ಲೆಕ್ಕ ಹಾಕುವ 'ಪೆನ್ಹ್' ಎಂಬ ಅಂಕಿ 1997ರಿಂದ ಬಹಳ ಬಳಕೆಗೆ ಬಂತು. ಅದು ನಾಳದ ಅಡ್ಡಿಯ ಅಳತೆಯೇ ಅಲ್ಲವೆಂದು ಶ್ವಾಸ ಶರೀರವಿಜ್ಞಾನಿಗಳು ತೀಕ್ಷ್ಣವಾಗಿ ಆಕ್ಷೇಪಿಸಿದ್ದಾರೆ, ನನ್ನ ಅಭಿಪ್ರಾಯವೂ ಅದೇ. ಆ ಒಂದೇ ಅಂಕಿಯ ಮೇಲೆ ನಿಂತ ವರದಿಯನ್ನು ಮಕ್ಕಳ ಮುಂದೆ ಇಡಬೇಡಿ.

'ಉಸಿರಿನ ಮೂಲಕ' ಎಂಬ ಮಾತನ್ನೂ ಸುಮ್ಮನೆ ನಂಬಬಾರದು. ಗಿನಿಯಿಲಿ, ಇಲಿಗಳು ಮೂಗಿನಿಂದಲೇ ಉಸಿರಾಡುವ ಪ್ರಾಣಿಗಳು. ಮೂಗಿನ ಸುರುಳಿಗಳಲ್ಲೇ ಮಂಜಿನ ದೊಡ್ಡ ಪಾಲು ಸಿಕ್ಕಿಬೀಳುತ್ತದೆ. ಇಡೀ ಮೈ ಪೆಟ್ಟಿಗೆಯೊಳಗಿದ್ದರೆ ಔಷಧ ತುಪ್ಪಳದ ಮೇಲೆ ಕೂರುತ್ತದೆ, ಪ್ರಾಣಿ ಅದನ್ನು ನೆಕ್ಕಿ ನುಂಗುತ್ತದೆ, ಆಗ ನಾವು ಅಳೆಯುತ್ತಿರುವುದು ಹೊಟ್ಟೆಯಿಂದ ರಕ್ತಕ್ಕೆ ಸೇರಿದ ಔಷಧವನ್ನೇ ಇರಬಹುದು. ಅದಕ್ಕಾಗಿ ಮೂತಿಯನ್ನಷ್ಟೇ ಮಂಜಿಗೆ ಒಡ್ಡುವ ಕೊಳವೆಗಳನ್ನು ಬಳಸುತ್ತಾರೆ, ಇಲ್ಲವೇ ಅರಿವಳಿಕೆಯಲ್ಲಿ ಶ್ವಾಸನಾಳಕ್ಕೇ ಹನಿಸುತ್ತಾರೆ. ಜೊತೆಗೆ ಹೃದಯದ ಬಡಿತ, ರಕ್ತದಲ್ಲಿನ ಔಷಧದ ಪ್ರಮಾಣ ಎರಡನ್ನೂ ನೋಡುತ್ತಾರೆ. ನಾಳಕ್ಕೆ ರಕ್ಷಣೆ ಸಿಕ್ಕಿ, ಹೃದಯಕ್ಕೆ ಏನೂ ತಟ್ಟದಿದ್ದರೆ ಮಾತ್ರ ಔಷಧ ಸ್ಥಳದಲ್ಲೇ ಕೆಲಸ ಮಾಡಿತೆಂದು ನೆಮ್ಮದಿಯಿಂದ ಹೇಳಬಹುದು.

ಸ್ನಾಯುವನ್ನು ಬಿಗಿಯುವ ಇನ್ನೊಂದು ದಾರಿ, ಮಿದುಳಿನಿಂದ ಎದೆ, ಹೊಟ್ಟೆಗಳಿಗೆ ಇಳಿಯುವ ವೇಗಸ್ ನರದ್ದು. ನರದ ತುದಿಯಿಂದ ಸುರಿಯುವ ಅಸಿಟೈಲ್‌ಕೋಲಿನ್ ಸ್ನಾಯುವಿನ ಎಂ3 ರಿಸೆಪ್ಟರನ್ನು ಹಿಡಿಯುತ್ತದೆ. ಅದನ್ನು ತಡೆಯುವ ಔಷಧಗಳಿಗೆ ನಮ್ಮ ನೆಲದ ನಂಟಿದೆ: ದತ್ತೂರಿಯ ಹೊಗೆಯನ್ನು ಉಬ್ಬಸಕ್ಕೆ ಎಳೆಯುವ ರೂಢಿ 19ನೇ ಶತಮಾನದ ಆರಂಭದಲ್ಲಿ ಮದ್ರಾಸಿನಿಂದಲೇ ಬ್ರಿಟನ್ನಿಗೆ ಹೋಯಿತು. ಅದರಲ್ಲಿರುವ ಅಟ್ರೋಪಿನ್ ವರ್ಗದ ವಸ್ತುಗಳು ರಕ್ತಕ್ಕೆ ಸೇರಿ ಮಿದುಳನ್ನೂ ಕದಡುತ್ತವೆ, ಆದ್ದರಿಂದ ಯಾರೂ ಅದನ್ನು ಇಂದು ಪ್ರಯತ್ನಿಸಬಾರದು. ಇದೇ ದಾರಿಯನ್ನು ತಡೆಯುವ ಇಂದಿನ ಔಷಧಗಳಾದ ಇಪ್ರಟ್ರೋಪಿಯಂ, ಟಯೋಟ್ರೋಪಿಯಂ ಅಣುಗಳಿಗೆ ಖಾಯಂ ವಿದ್ಯುದಾವೇಶ ಇರುವುದರಿಂದ ಅವು ಉಸಿರಿನಿಂದ ಒಳಹೋದರೂ ಹೆಚ್ಚಾಗಿ ನಾಳದಲ್ಲೇ ಉಳಿಯುತ್ತವೆ.

ಇಲ್ಲಿ ಗಿನಿಯಿಲಿ ಕಲಿಸಿದ ಒಂದು ಪಾಠ ನನಗೆ ಬಹಳ ಮುಖ್ಯವೆನಿಸುತ್ತದೆ. ನರದ ತುದಿಯಲ್ಲಿ ಎಂ2 ಎಂಬ ಇನ್ನೊಂದು ರಿಸೆಪ್ಟರ್ ಇದೆ. ಅಸಿಟೈಲ್‌ಕೋಲಿನ್ ಸಾಕಷ್ಟು ಸುರಿದಾಗ ಅದೇ ಎಂ2ವನ್ನು ತಟ್ಟಿ, ಇನ್ನು ಸಾಕು ಎಂದು ನರಕ್ಕೆ ತಿಳಿಸುತ್ತದೆ. 1987ರಲ್ಲಿ ಫ್ರೈಯರ್ ಮತ್ತು ಮ್ಯಾಕ್ಲಗನ್ ತೋರಿಸಿದ್ದೇನೆಂದರೆ, ಇಪ್ರಟ್ರೋಪಿಯಂ ಎಂ2ವನ್ನೂ ಮುಚ್ಚಿಬಿಡುವುದರಿಂದ, ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ನರ ಪ್ರಚೋದನೆಯಿಂದಾಗುವ ಬಿಗಿತವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಬಲ್ಲದು. ಹೊರಗಿನಿಂದ ಅಸಿಟೈಲ್‌ಕೋಲಿನ್ ಕೊಟ್ಟು ಮಾಡಿದ ಪ್ರಯೋಗದಲ್ಲಿ ಇದು ಎಂದೂ ಕಾಣುತ್ತಿರಲಿಲ್ಲ, ಏಕೆಂದರೆ ಅಲ್ಲಿ ನರಕ್ಕೆ ಪಾತ್ರವೇ ಇಲ್ಲ. ಮುಂದೆ ಬಂದ ಟಯೋಟ್ರೋಪಿಯಂ ಎರಡಕ್ಕೂ ಅಂಟಿಕೊಂಡರೂ ಎಂ2ವನ್ನು ಬೇಗ ಬಿಡುತ್ತದೆ, ಎಂ3ಯನ್ನು ಮಾತ್ರ ಬಿಡುವುದಿಲ್ಲ: 1993ರ ವರದಿಯಂತೆ ಮನುಷ್ಯನ ಎಂ3ಯಿಂದ ಅದು ಅರ್ಧದಷ್ಟು ಕಳಚಿಕೊಳ್ಳಲು ಸುಮಾರು 35 ಗಂಟೆ ಬೇಕು, ಇಪ್ರಟ್ರೋಪಿಯಂಗೆ ಕಾಲು ಗಂಟೆ ಸಾಕು. ದಿನಕ್ಕೊಂದೇ ಸಲ ಎಳೆದರೆ ಸಾಕೆನ್ನುವುದರ ಗುಟ್ಟು ಇದು. ಆದ್ದರಿಂದ "ಸಂಕೋಚನ ತಡೆಯಲ್ಪಟ್ಟಿತು" ಎಂಬ ವಾಕ್ಯ ಕಂಡಾಗಲೆಲ್ಲ, ಯಾವುದರಿಂದ ಆದ ಸಂಕೋಚನ ಎಂದು ಮೊದಲು ಕೇಳಬೇಕು.

ಉತ್ತರ 3 – ಪಶುವೈದ್ಯ

ಬೇರೆ ಪ್ರಾಣಿಗಳ ಬಗ್ಗೆ ಕೇಳಿದ್ದೀರಿ. ಸುಂಡಿಲಿಯ ನಾಳ ಹಿಸ್ಟಮಿನ್‌ಗೆ ಓಗೊಡುವುದೇ ಇಲ್ಲವೆನ್ನಬಹುದು. ಅದರ ಮಾಸ್ಟ್ ಕೋಶಗಳು (ಅಲರ್ಜಿಯಲ್ಲಿ ಕೆರಳುವ ಕೋಶಗಳು) ಸುರಿಸುವ ಮುಖ್ಯ ವಸ್ತು ಸಿರೊಟೋನಿನ್. ವಂಶವಾಹಿಗಳನ್ನು ಬದಲಿಸಿ ನೋಡಲು ಅದು ಅನುಕೂಲವೇ ಹೊರತು ಸ್ನಾಯುವಿನ ಬಿಗಿತಕ್ಕೆ ಒಳ್ಳೆಯ ಮಾದರಿಯಲ್ಲ.

ಕುರಿಯ ಕಥೆ ಬೇರೆ. ಆಸ್ಕರಿಸ್ ಸುಯಮ್ ಎಂಬ ಹಂದಿಯ ಜಂತುಹುಳುವಿಗೆ ಕೆಲವು ಕುರಿಗಳಿಗೆ ತಾವಾಗಿಯೇ ಅಲರ್ಜಿ ಇರುತ್ತದೆ. ಆ ಹುಳುವಿನ ಸಾರದ ಮಂಜನ್ನು ಉಸಿರಾಡಿಸಿದರೆ ತಕ್ಷಣ ನಾಳ ಬಿಗಿಯುತ್ತದೆ, ನಿಧಾನವಾಗಿ ಸರಿಹೋಗುತ್ತದೆ, ಮತ್ತೆ ಆರೆಂಟು ಗಂಟೆಯ ಹೊತ್ತಿಗೆ ಇನ್ನೊಮ್ಮೆ ಬಿಗಿಯುತ್ತದೆ. ಅಸ್ತಮಾ ಇರುವ ಮನುಷ್ಯರಲ್ಲಿ ಅನೇಕರಿಗೆ ಹೀಗೇ ಎರಡು ಅಲೆಗಳು ಬರುತ್ತವೆ. ಮಯಾಮಿಯ ವಿಲಿಯಂ ಅಬ್ರಹಾಂ ಮತ್ತು ಸಂಗಡಿಗರು ಈ ಕುರಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಯಾವ ಔಷಧ ಯಾವ ಅಲೆಯನ್ನು ತಡೆಯುತ್ತದೆಂದು ಬಿಡಿಸಿ ನೋಡಿದರು. ಮೊದಲೇ ಉಸಿರಾಡಿಸಿದ ಕ್ರೋಮೋಗ್ಲೈಕೇಟ್ ಎಂಬ ಅಸ್ತಮಾ ಔಷಧ ಎರಡನ್ನೂ ತಡೆಯಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಕೂಡ, ಉಸಿರಿನ ಮೂಲಕ ಕೊಟ್ಟಾಗ, ಈ ಕುರಿಗಳಲ್ಲಿ ಅಲರ್ಜಿಯ ಬಿಗಿತವನ್ನು ತಡೆಯಿತು. 1993ರಲ್ಲಿ ಮನುಷ್ಯರಲ್ಲಿ ವ್ಯಾಯಾಮದಿಂದ ಬರುವ ಬಿಗಿತವನ್ನೂ ತಡೆಯಿತೆಂದು ವರದಿಯಾಯಿತು. ಹೆಪಾರಿನ್ ಸ್ನಾಯುವನ್ನು ಸಡಿಲಿಸುವ ಔಷಧವಲ್ಲ. ಸಡಿಲಿಸುವ ಶಕ್ತಿ ಇಲ್ಲದೆಯೂ ತಡೆಯುವ ಶಕ್ತಿ ಇರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದರೂ ಅದು ಅಸ್ತಮಾದ ಔಷಧವಾಗಿ ಬಳಕೆಗೆ ಬರಲಿಲ್ಲ.

ಕುದುರೆಗೆ ಉಬ್ಬಸವನ್ನು ನಾವು ಹುಟ್ಟಿಸಬೇಕಾಗಿಲ್ಲ, ಲಾಯದ ಒಣಹುಲ್ಲಿನ ಬೂಷ್ಟು ಮತ್ತು ದೂಳೇ ಸಾಕು. ದೀರ್ಘಕಾಲ ಕಷ್ಟಪಟ್ಟು ಉಸಿರು ಹೊರದೂಡಿದ ಕುದುರೆಯ ಹೊಟ್ಟೆಯ ಪಕ್ಕದಲ್ಲಿ, ಪಕ್ಕೆಲುಬುಗಳು ಮುಗಿಯುವ ಕಡೆ, ಸ್ನಾಯು ಬೆಳೆದು ಒಂದು ಗೆರೆ ಮೂಡಿರುತ್ತದೆ. ನಾನು ನೋಡಿದ ಒಂದು ಮುದಿ ಕುದುರೆಯಲ್ಲಿ ಆ ಗೆರೆ ಅಂಗಳದಾಚೆಯಿಂದಲೇ ಕಾಣುತ್ತಿತ್ತು, ಮೂಗಿನ ಹೊಳ್ಳೆಗಳು ಅರಳಿಯೇ ಇದ್ದವು. ಮುಖಕ್ಕೆ ಮಾಸ್ಕ್ ಕಟ್ಟಿ ಸಾಲ್ಬ್ಯುಟಮಾಲ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಹೊಟ್ಟೆಯ ಒತ್ತಾಟ ತಗ್ಗಿತು. ಆದರೆ ಹುಲ್ಲು ಬದಲಿಸದಿದ್ದರಿಂದ ಮರುದಿನ ಮತ್ತೆ ಅದೇ ಸ್ಥಿತಿ. ಹುಲ್ಲನ್ನು ನೆನೆಸಿ ಕೊಡಲು, ದೂಳಿಲ್ಲದ ಕಡೆ ಕಟ್ಟಲು ಶುರು ಮಾಡಿದ ಮೇಲಷ್ಟೇ ಅದು ನಿಧಾನವಾಗಿ ಸುಧಾರಿಸಿತು. ಸ್ನಾಯುವನ್ನು ಸಡಿಲಿಸುವ ಔಷಧ ನಾಳದ ಉರಿಯೂತವನ್ನು ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ವಿಷಯ ತಿಳಿಯಬೇಕಿದೆ. ಕ್ರೋಮೋಗ್ಲೈಕೇಟ್ ಕೂಡ ಗಿನಿಯಿಲಿಯಲ್ಲೇ ಸಿಕ್ಕಿತೇ? ಮತ್ತು ನನ್ನ ವಿದ್ಯಾರ್ಥಿಯದು ಹಿಸ್ಟಮಿನ್ ಮಂಜಿನಿಂದ ಬರುವ ಬಿಗಿತವಲ್ಲ, ಓಟದಿಂದ ಬರುವುದು. ಅದನ್ನೂ ಪ್ರಾಣಿಗಳಲ್ಲಿ ಪರೀಕ್ಷಿಸಿದ್ದಾರೆಯೇ?

ಉತ್ತರ 4 – ನಿವೃತ್ತ ಔಷಧಶಾಸ್ತ್ರ ಅಧ್ಯಾಪಕ

ಗಿನಿಯಿಲಿಯಲ್ಲಿ ಸಿಗಲಿಲ್ಲ. ಗಿನಿಯಿಲಿಯನ್ನೇ ನಂಬಿದ್ದರೆ ಅದು ಕೈತಪ್ಪಿಹೋಗುತ್ತಿತ್ತು. ಇಂಗ್ಲೆಂಡಿನ ವೈದ್ಯ ರೋಜರ್ ಆಲ್ಟೂನ್ಯನ್ ಅವರಿಗೆ ಸ್ವತಃ ಅಸ್ತಮಾ ಇತ್ತು. ಖೆಲ್ಲಿನ್ ಎಂಬ ಸಸ್ಯಮೂಲದ ವಸ್ತುವಿಗೆ ಸಂಬಂಧಿಸಿದ ಅಣುಗಳನ್ನು ಅವರ ಸಂಸ್ಥೆ ಪ್ರಾಣಿಗಳಲ್ಲಿ ಒರೆಗೆ ಹಚ್ಚುತ್ತಿತ್ತು, ಆದರೆ ಪ್ರಾಣಿಗಳಲ್ಲಿ ಬಂದ ಫಲಕ್ಕೂ ತಮ್ಮ ಎದೆಯ ಅನುಭವಕ್ಕೂ ತಾಳಮೇಳವಿಲ್ಲವೆಂದು ಅವರು ಕಂಡರು. ಆದ್ದರಿಂದ ವರ್ಷಗಳ ಕಾಲ ನೂರಾರು ಸಲ ತಾವೇ ಮೊದಲು ಅಣುವನ್ನು ಉಸಿರಾಡಿ, ಬಳಿಕ ತಮಗೆ ಅಲರ್ಜಿ ತರುವ ಸಾರವನ್ನು ಉಸಿರಾಡಿ, ಎಷ್ಟು ಬಿಗಿಯುತ್ತದೆಂದು ಅಳೆದುಕೊಂಡರು. ಆ ಸಾರ ಗಿನಿಯಿಲಿಯ ಚರ್ಮದ ಹೊಟ್ಟಿನಿಂದ ತೆಗೆದದ್ದು. 1965ರಲ್ಲಿ ತಯಾರಾದ ಅಣುವೊಂದು ಹಾಗೆ ಗುರುತಿಗೆ ಬಂತು, 1960ರ ದಶಕ ಮುಗಿಯುವ ಮೊದಲೇ ರೋಗಿಗಳ ಕೈಸೇರಿತು. ಅದು ಬಿಗಿದ ನಾಳವನ್ನು ಒಂದಿಷ್ಟೂ ಸಡಿಲಿಸುವುದಿಲ್ಲ. ಮೊದಲೇ ತೆಗೆದುಕೊಂಡರೆ ಮಾತ್ರ ಕೆಲಸ. ಸ್ನಾಯು ಸಡಿಲಾಗುವುದನ್ನೇ ಹುಡುಕುವ ಪರೀಕ್ಷೆಗೆ ಇಂಥ ಔಷಧ ಕಾಣುವುದಾದರೂ ಹೇಗೆ?

ಇದರ ತಿರುಗುಮುರುಗು ಕೂಡ ನಡೆದಿದೆ. ಪ್ಲೇಟ್‌ಲೆಟ್ ಸಕ್ರಿಯಕಾರಿ ಅಂಶ ಎಂಬ ಕೊಬ್ಬಿನಂಥ ವಸ್ತು ಗಿನಿಯಿಲಿಯ ನಾಳವನ್ನು ಬಲವಾಗಿ ಬಿಗಿಯುತ್ತದೆ, ಅದರ ವಿರೋಧಿಗಳು ಪ್ರಾಣಿಗಳಲ್ಲಿ ಅಚ್ಚುಕಟ್ಟಾಗಿ ರಕ್ಷಣೆ ಕೊಟ್ಟವು. 1990ರ ದಶಕದಲ್ಲಿ ಅಸ್ತಮಾ ರೋಗಿಗಳಿಗೆ ಕೊಟ್ಟಾಗ ಆ ಭರವಸೆ ಹುಸಿಯಾಯಿತು. ಔಷಧಗಳು ತಮ್ಮ ಗುರಿಯನ್ನು ಸರಿಯಾಗಿಯೇ ಮುಚ್ಚಿದ್ದವು. ಮನುಷ್ಯರ ಅಸ್ತಮಾದಲ್ಲಿ ಆ ಗುರಿಗೆ ಅಷ್ಟು ಮಹತ್ವ ಇರಲಿಲ್ಲ. ಗಿನಿಯಿಲಿ ಸ್ನಾಯುವಿನ ಬಗ್ಗೆ ಹೇಳಿದ್ದನ್ನು ನಾನು ನಂಬುತ್ತೇನೆ, ರೋಗದ ಬಗ್ಗೆ ಹೇಳಿದ್ದನ್ನು ಇನ್ನೊಂದು ಸಾಕ್ಷಿ ಸಿಗುವವರೆಗೆ ಬದಿಗಿಡುತ್ತೇನೆ.

ಉತ್ತರ 5 – ಶ್ವಾಸಕೋಶ ಸಂಶೋಧಕಿ

ಓಟದ ವಿಷಯ ನಾನು ಹೇಳುತ್ತೇನೆ. ಓಡುವಾಗ ನಾಳವನ್ನು ಕೆಣಕುವುದು ಓಟವಲ್ಲ, ಬಿರುಸಿನಿಂದ ಒಳಬರುವ ಒಣ ಗಾಳಿ. ಅದು ನಾಳದ ಒಳಪದರದ ನೀರನ್ನು ಹೀರಿಕೊಳ್ಳುತ್ತದೆ, ಒಣಗಿದ ಪದರದ ಲವಣಸಾಂದ್ರತೆ ಏರುತ್ತದೆ, ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೀನ್‌ಗಳನ್ನು ಬಿಡುತ್ತವೆ. ಅರಿವಳಿಕೆಯಲ್ಲಿರುವ ಗಿನಿಯಿಲಿಗೆ ಯಂತ್ರದಿಂದ ಒಣ ಗಾಳಿಯನ್ನು ಜೋರಾಗಿ ಹಾಯಿಸಿ ನಿಲ್ಲಿಸಿದಾಗ, ಮುಂದಿನ ಕೆಲವು ನಿಮಿಷಗಳಲ್ಲಿ ಅದರ ನಾಳವೂ ಬಿಗಿಯುತ್ತದೆ. ಹೊರನೋಟಕ್ಕೆ ನಿಮ್ಮ ವಿದ್ಯಾರ್ಥಿಗೆ ಆಗುವುದೂ ಅದೇ. ಆದರೆ ಗಿನಿಯಿಲಿಯಲ್ಲಿ ಅದಕ್ಕೆ ಮುಖ್ಯ ಕಾರಣ ಸಂವೇದನಾ ನರಗಳು ಸುರಿಸುವ, ನಾಳ ಬಿಗಿಸುವ ವಸ್ತುಗಳಾದ ಟ್ಯಾಕಿಕೈನಿನ್‌ಗಳು. ಮೆಣಸಿನಕಾಯಿಯ ಖಾರದ ವಸ್ತುವಾದ ಕ್ಯಾಪ್ಸೈಸಿನ್‌ನಿಂದ ಆ ನರಗಳ ದಾಸ್ತಾನನ್ನು ಮೊದಲೇ ಬರಿದು ಮಾಡಿದರೆ ಬಿಗಿತ ಬಹುಮಟ್ಟಿಗೆ ಬರುವುದಿಲ್ಲ. ಮನುಷ್ಯರಲ್ಲಿ ಆ ನರಗಳ ಪಾತ್ರ ಅಷ್ಟು ದೊಡ್ಡದಾಗಿ ಕಂಡಿಲ್ಲ. ಬೀಟಾ-2 ಔಷಧಗಳು ಸ್ನಾಯುವಿನ ಒಳಗೇ ಕೆಲಸ ಮಾಡುವುದರಿಂದ, ಸಂದೇಶ ತಂದವರು ಯಾರಾದರೂ ಅವು ಕೈಕೊಡುವುದಿಲ್ಲ. ಮಾಸ್ಟ್ ಕೋಶಗಳ ಮೇಲೂ ಬೀಟಾ-2 ಇದೆ, ಅವು ಸುರಿಸುವುದೂ ಸ್ವಲ್ಪ ತಗ್ಗುತ್ತದೆ. ಆಟಕ್ಕೆ ಕಾಲು ಗಂಟೆ ಮೊದಲು ಎಳೆದುಕೊಳ್ಳುವುದಕ್ಕೆ ಅರ್ಥ ಬರುವುದು ಅಲ್ಲಿ.

ಒಂದು ಬಾರಿಯ ಪ್ರಾಣಿ ಪ್ರಯೋಗ ತೋರಿಸದ ಸಂಗತಿಯೊಂದು ಉಳಿದಿದೆ. ಅದೇ ರಿಸೆಪ್ಟರನ್ನು ದಿನವೂ ತಟ್ಟುತ್ತಿದ್ದರೆ ಅದು ಮಂದವಾಗುತ್ತದೆ, ಮತ್ತು ಸಡಿಲಿಸುವ ಗುಣಕ್ಕಿಂತ ಮೊದಲು ಸವೆಯುವುದು ತಡೆಯುವ ಗುಣ. ಸಾಲ್ಮೆಟೆರಾಲನ್ನು ವಾರಗಟ್ಟಲೆ ಬಳಸಿದ ಸೌಮ್ಯ ಅಸ್ತಮಾದವರಲ್ಲಿ ನಾಳ ತೆರೆದೇ ಇತ್ತು, ಆದರೆ ಕೆಣಕುವ ವಸ್ತುವಿನ ಎದುರು ಮೊದಲ ದಿನ ಕಂಡ ರಕ್ಷಣೆ ಬಹಳ ಕುಗ್ಗಿತ್ತು ಎಂದು 1992ರಲ್ಲಿ ನೆದರ್ಲೆಂಡ್ಸಿನ ಅಧ್ಯಯನವೊಂದು ತೋರಿಸಿತು. ಅಸ್ತಮಾದ ಜಾಗತಿಕ ಮಾರ್ಗಸೂಚಿಯೂ 2019ರಿಂದ, 12 ವರ್ಷ ತುಂಬಿದವರಿಗೆ ಸಾಲ್ಬ್ಯುಟಮಾಲ್ ಒಂದನ್ನೇ ನಂಬಿಕೊಂಡ ಚಿಕಿತ್ಸೆ ಬೇಡವೆಂದು, ಉಸಿರಿನ ಸ್ಟಿರಾಯ್ಡ್ ಜೊತೆಗಿರಬೇಕೆಂದು ಹೇಳುತ್ತಿದೆ. ನಿಮ್ಮ ವಿದ್ಯಾರ್ಥಿ ಆಟದ ದಿನ ಮಾತ್ರ ಎಳೆಯುತ್ತಾನೋ, ದಿನವೂ ಎಳೆಯುತ್ತಾನೋ, ರಾತ್ರಿ ಕೆಮ್ಮಿ ಏಳುತ್ತಾನೋ ಎಂಬುದನ್ನು ಒಂದು ತಿಂಗಳು ಪುಸ್ತಕದಲ್ಲಿ ಬರೆದಿಟ್ಟು, ಅದನ್ನು ಅವನ ವೈದ್ಯರಿಗೆ ತೋರಿಸುವಂತೆ ಮನೆಯವರಿಗೆ ದಯವಿಟ್ಟು ಹೇಳಿ.